"ನಿನ್ನ ಹೊಟ್ಟೇಲಿದ್ದಾಗ ನಿಂಗೆ ಎಂತ ತಿನ್ಬೇಕು ಅನ್ಸಿತ್ತು?" ಅಂತ ಮಗಳು ಕೇಳಿದ್ಲು. ಏನು ಹೇಳಲಿ?

ಬುಟ್ಟಿ ಚಿತ್ತಾರ (ಸಾಗರ ತಾಲ್ಲೂಕು), ಭಾನುವಾರ ರಾತ್ರಿ

ನಮ್ಮನೇಲಿ ಭೂಮಿ ಹುಣ್ಣಿಮೆ ತಯಾರಿ ನಡೀತಿದೆ. ಅತ್ತೆ ಕೆಮ್ಮಣ್ಣು ಬಳಿದು ಒಣಗಿಸಿದ್ದ ಭೂಮಣ್ಣಿ ಬುಟ್ಟಿ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ ಬರೀತಾ ಕೂತಿದ್ರು. ಮಗಳು ಪಕ್ಕದಲ್ಲೇ. ಅವಳಿಗೆ ಇನ್ನೂ ಆರು ತುಂಬಿಲ್ಲ, ಪ್ರಶ್ನೆ ಮಾತ್ರ ಮುಗಿಯಲ್ಲ. ಅತ್ತೆ ಹೇಳ್ತಿದ್ರು, "ಭತ್ತ ಹೊಡೆ ಆಗಿದೆ ಅಲ್ಲನೇ ಪುಟ್ಟಿ, ಈಗ ಭೂಮ್ತಾಯಿ ಬಸುರಿ. ಬಸುರಿ ಹೆಂಗಸಿಗೆ ಬಯಕೆ ಇರತ್ತೆ. ಅದಕ್ಕೆ ಕಡುಬು, ಸೊಪ್ಪು ಎಲ್ಲ ಬೇಯ್ಸಿ ಗದ್ದೆಗೆ ಹೊತ್ಕೊಂಡು ಹೋಗಿ ಬಡಿಸದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ ಈ ಮೇಲಿನ ಪ್ರಶ್ನೆ ಕೇಳಿದ್ಲು.

ನಾನು ಹೀರೆಕಾಯಿ ಹೆಚ್ತಿದ್ದೆ. ಹೆಚ್ತಾನೇ ಇದ್ದೆ. ಅತ್ತೆ ತಲೆ ಎತ್ತದೆ, ಎಳೆ ತಪ್ಪದ ಹಾಗೆ ಬರೀತಾನೇ ಹೇಳಿದ್ರು, "ಮಾವಿನ ಮಿಡಿ. ಮೂರು ಹೊತ್ತೂ ಮಾವಿನ ಮಿಡಿ ಬೇಕು ಅಂತಿದ್ಲು ನಿಮ್ಮಮ್ಮ."

ಮಗಳಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಮಾರನೇ ದಿನ ಬಸ್ಸಿನಲ್ಲಿ ಗುರುತಿಲ್ಲದೋರಿಗೂ ಹೇಳ್ತಿದ್ಲು: ನಮ್ಮಮ್ಮ ನನಗೋಸ್ಕರ ಮಾವಿನ ಮಿಡಿ ತಿಂತಿದ್ಲು.

ನಮ್ಮ ಮಗಳು ದತ್ತು ಮಗಳು. ನಾಲ್ಕು ವರ್ಷ ಕಾದ ಮೇಲೆ, ಏಳು ತಿಂಗಳ ಮಗು ಆಷಾಢದ ಮಳೇಲಿ ನಮ್ಮನೆಗೆ ಬಂತು. ಊರಿಗೆಲ್ಲ ಗೊತ್ತು. ಹಾಲು ಹಾಕೋರಿಗೆ ಗೊತ್ತು, ಅಡಿಕೆ ಕೊನೆ ಕೊಯ್ಯಕ್ಕೆ ಬರೋರಿಗೆ ಗೊತ್ತು. ಅವಳಿಗೆ ಮಾತ್ರ ಗೊತ್ತಿಲ್ಲ. ಇವತ್ತು ಹೇಳಣ, ನಾಳೆ ಹೇಳಣ ಅಂತ ತಳ್ಳಿಕೊಂಡು ಬಂದಿದ್ದು ನಾನೇ.

ಅತ್ತೆ ಮೇಲೆ ಸಿಟ್ಟು ಮಾಡ್ಕೊಳಕ್ಕೂ ಆಗ್ತಿಲ್ಲ. ಮೊದಲ ಮೂರು ತಿಂಗಳು ಮಗು ರಾತ್ರಿಯಿಡೀ ಬೆಚ್ಚಿ ಬೀಳ್ತಿತ್ತು, ಆಗ ಸೆರಗಲ್ಲಿ ಸುತ್ತಿಕೊಂಡು ಜಗಲಿ ಮೇಲೆ ಓಡಾಡಿದೋರು ಅವರು. ಈಗ ಈ ಸುಳ್ಳನ್ನ ಹೇಗೆ ವಾಪಸ್ ತಗೊಳ್ಳದು? ಅನುಭವ ಇರೋರು ಹೇಳಿ. ಮಗಳ ಹೆಸರು, ಊರಿನ ಹೆಸರು ಬೇಕಂತಲೇ ಬರೆದಿಲ್ಲ, ದಯವಿಟ್ಟು ಕೇಳಬೇಡಿ.

ತೋಟದ ಮನೆ (ತೀರ್ಥಹಳ್ಳಿ), ಭಾನುವಾರ ರಾತ್ರಿ

ಅಕ್ಕಾ, ನಿಮ್ಮ ಬರಹ ಓದಿ ಹೆಂಡತಿಗೂ ಓದಿಸಿದೆ. ನಮ್ಮ ಮಗನಿಗೆ ಈಗ ಹನ್ನೊಂದು. ನಾವು ಅವನು ಮಾತು ಕಲಿಯೋಕೆ ಮುಂಚೆಯಿಂದ್ಲೇ ಹೇಳ್ತಾ ಬಂದ್ವಿ. ಅವನಿಗೆ ಅರ್ಥ ಆಗ್ಲಿ ಅಂತಲ್ಲ, ನಮ್ಮ ನಾಲಿಗೆಗೆ ರೂಢಿ ಆಗ್ಲಿ ಅಂತ. ಮೊದಲ ಸಲ ಹೇಳುವಾಗ ನನ್ನ ದನಿ ನಡುಗಿತ್ತು. ಆರು ತಿಂಗಳ ಮಗುವಿನ ಮುಂದೆ ನಡುಗಿದ್ರೆ ಪರವಾಗಿಲ್ಲ, ಆರು ವರ್ಷದ ಮಗುವಿನ ಮುಂದೆ ನಡುಗಿದ್ರೆ ಅದಕ್ಕೆ ಇದೇನೋ ಕೆಟ್ಟ ಸುದ್ದಿ ಅನ್ಸತ್ತೆ.

ಹೇಳಿದ್ದಕ್ಕೆ ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ. ಮೂರು ವರ್ಷದ ಹಿಂದೆ ಒಂದು ಮದುವೆ ಮನೇಲಿ ಪಂಕ್ತಿಗೆ ಕೂತಾಗ ದೂರದ ನೆಂಟರೊಬ್ರು, "ಇವ್ನೇನಾ ನೀವು ತಂದ ಹುಡುಗ?" ಅಂದ್ರು. ಅವನೇ, "ಹೌದು, ನಾನೇ" ಅಂದ. ನಾನು ಹೆಮ್ಮೆಪಟ್ಟೆ. ರಾತ್ರಿ ಮನೆಗೆ ಬಂದ ಮೇಲೆ ಚಾದರದೊಳಗಿಂದ ಕೇಳಿದ, "ಅಪ್ಪಾ, ತಂದಿದ್ದು ಅಂದ್ರೆ ದುಡ್ಡು ಕೊಟ್ಟಾ?"

ಎಂಟು ವರ್ಷ ನಾನು 'ದತ್ತು' ಅನ್ನೋ ಪದ ಕಲಿಸಿದ್ದೆ. 'ತಂದ' ಅನ್ನೋ ಪದಕ್ಕೆ ಅವನನ್ನ ತಯಾರು ಮಾಡಿರ್ಲಿಲ್ಲ. ನಮ್ಮ ಕಡೆ ಗೊಬ್ಬರ ತರ್ತೀವಿ, ಕರು ತರ್ತೀವಿ, ಅದೇ ಬಾಯಲ್ಲಿ ಮಗು ತಂದ್ರು ಅಂತಾರೆ. ಆವತ್ತಿಂದ ನಮ್ಮನೇಲಿ "ನೀನು ಬಂದೆ" ಅಂತೀವಿ.

ನಿಮ್ಮ ಮಗಳು ಇದನ್ನ ಮಾವಿನ ಮಿಡಿ ಕತೆಯಷ್ಟೇ ಪ್ರೀತಿಯಿಂದ ನಿಮ್ಮ ಬಾಯಲ್ಲೇ ಕೇಳಬೇಕು. ಬೇರೆಯವರ ಬಾಯಲ್ಲಿ ಅದು ಹೇಗೆ ಬರತ್ತೋ ನಿಮ್ಮ ಕೈಲಿಲ್ಲ.

ಹಿನ್ನೀರಿನ ಕಡೆಯೋಳು, ಸೋಮವಾರ ಬೆಳಗ್ಗೆ

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಷ್ಟು ಚಿಕ್ಕ ಮಗುವಿಗೆ ಯಾಕೆ ಈ ಭಾರ? ನಿಮ್ಮ ಅತ್ತೆ ಹೇಳಿದ್ದು ಸರಿ ಅನ್ಸತ್ತೆ ನಂಗೆ. ನನ್ನ ಅಕ್ಕನ ಮಗಳೂ ಹೀಗೇ ಬಂದೋಳು. ಮದುವೆ ಮಾತುಕತೆ ಬಂದಾಗ ಎರಡು ಕಡೆ "ಮೂಲ ಯಾರದ್ದು?" ಅಂತ ಕೇಳಿ ಎದ್ದು ಹೋದ್ರು. ಆ ಹುಡುಗಿ ಅಡುಗೆಮನೇಲಿ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದು ನಾನು ನೋಡಿದೀನಿ. ಗುಟ್ಟು ಗುಟ್ಟಾಗೇ ಇದ್ದಿದ್ರೆ ಹಾಗಾಗ್ತಿತ್ತಾ?

ತೋಟದ ಮನೆ, ಸೋಮವಾರ ಬೆಳಗ್ಗೆ

ಎದ್ದು ಹೋದೋರ ತಪ್ಪಿಗೆ ಆ ಹುಡುಗಿ ಯಾಕೆ ಗುಟ್ಟು ಹೊರಬೇಕು ಅಕ್ಕ? ಅದೂ ಅಲ್ದೆ, ಹಾಲು ಹಾಕೋರಿಗೆ ಗೊತ್ತಿರೋದು ಗುಟ್ಟು ಹೇಗಾಗತ್ತೆ?

ಎರಡು ಮನೆ ಮಗ (ಹೊಸನಗರ ಕಡೆ), ಸೋಮವಾರ ಮಧ್ಯಾಹ್ನ

ಹಿನ್ನೀರಿನ ಕಡೆಯೋರ ಮಾತಿಗೆ ನನ್ನ ಕತೆಯೇ ಉತ್ತರ. ಇಷ್ಟು ವರ್ಷದಲ್ಲಿ ಇದನ್ನ ಬರೆಯೋದು ಇದೇ ಮೊದಲು, ಉದ್ದ ಆದ್ರೆ ಕ್ಷಮಿಸಿ.

ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ತೋಟ ಇತ್ತು. ನನ್ನ ಹೆತ್ತವರಿಗೆ ಮೂವರು ಗಂಡುಮಕ್ಕಳು, ನಾನು ಎರಡನೆಯವನು. ಎರಡು ವರ್ಷದವನಿದ್ದಾಗ ಕೊಟ್ಟರು. ಕೊಟ್ಟಿದ್ದು ಎಲ್ಲಿಗೆ? ಒಂದೇ ಅಂಗಳದ ಆ ಕಡೆಗೆ. ನಡುವೆ ಒಂದು ಗೋಡೆ, ಒಂದೇ ಬಾವಿ, ಒಂದೇ ಅಡಿಕೆ ಚಪ್ಪರ. ನಾನು ಹೆತ್ತಮ್ಮನನ್ನ ಚಿಕ್ಕಮ್ಮ ಅಂತ ಕರೀತಾ ಬೆಳೆದೆ.

ಹದಿನಾಲ್ಕು ವರ್ಷ ಆದಾಗ ಹಿಸ್ಸೆ ಜಗಳ ಬಂತು. ಅಡಿಕೆ ಸುಲಿಯೋರೆಲ್ಲ ಕೂತಿದ್ದರು, ಯಾರೋ ಏರುದನಿಯಲ್ಲಿ, "ಅವನದೇನು ಈ ಕಡೆ? ಅವನನ್ನ ಕೊಟ್ಟಾಗಿದೆ" ಅಂದರು. ನಾನು ಸುಲಿದ ಅಡಿಕೆ ಬುಟ್ಟಿ ಹಿಡಿದು ಬಾಗಿಲಲ್ಲಿದ್ದೆ. ಸುಲಿಯೋ ಕತ್ತಿ ಸದ್ದು ನಿಂತುಹೋಯಿತು. ಅಲ್ಲಿದ್ದ ಇಪ್ಪತ್ತು ಜನರ ಮುಖ ನೋಡಿದ ಕೂಡಲೇ ತಿಳೀತು, ಹೊಸ ಸುದ್ದಿ ಇದು ನನಗೊಬ್ಬನಿಗೇ.

ಸಾಕಿದ ಅಪ್ಪ ಅಮ್ಮ ನನಗೆ ಏನೂ ಕಡಿಮೆ ಮಾಡಲಿಲ್ಲ. ಅದು ಹೇಳಲೇಬೇಕು. ಆದರೆ ಆ ದಿನದಿಂದ ಹಿಂದಿನ ನೆನಪುಗಳೆಲ್ಲ ಬೇರೆಯಾದವು. ದೀಪಾವಳಿ ಎಣ್ಣೆಸ್ನಾನಕ್ಕೆ ಚಿಕ್ಕಮ್ಮ ಅಣ್ಣನಿಗೂ ತಮ್ಮನಿಗೂ ಎಣ್ಣೆ ಹಚ್ಚುತ್ತಿದ್ದರು. ನಾನು ಅಂಗಳ ದಾಟಿದರೆ ಅವರ ಕೈ ನಿಂತುಬಿಡುತ್ತಿತ್ತು. ಚಿಕ್ಕವನಿದ್ದಾಗ, ನನ್ನ ಕಂಡರೆ ಚಿಕ್ಕಮ್ಮನಿಗೆ ಆಗಲ್ಲ ಅಂದುಕೊಂಡಿದ್ದೆ. ಹನ್ನೆರಡು ವರ್ಷ ಹಾಗೆ ತಪ್ಪು ತಿಳಿದುಕೊಂಡೇ ಇದ್ದೆ.

ಹೆತ್ತಪ್ಪ ತೀರಿಕೊಂಡಾಗ ಪುರೋಹಿತರು ನನಗೆ ಮೂರೇ ದಿನದ ಸೂತಕ ಅಂದರು. ನಾಲ್ಕನೇ ದಿನ ಗೋಡೆಯ ಈ ಕಡೆ ನಮ್ಮನೇಲಿ ಒಗ್ಗರಣೆ ಹಾಕಿದರು. ಆ ಕಡೆ ಅಣ್ಣ ತಮ್ಮಂದಿರು ನೆಲದ ಮೇಲೆ ಮಲಗಿದ್ದರು. ನನಗೆ ಊಟ ಇಳಿಯಲಿಲ್ಲ.

ಬೇಗ ಹೇಳಿ ತಂಗಿ. ಕೊಟ್ಟಿದ್ದು ನನಗೆ ನೋವಲ್ಲ. ಎಲ್ಲರಿಗೂ ಗೊತ್ತಿದ್ದು ನನಗೆ ಗೊತ್ತಿರಲಿಲ್ಲವಲ್ಲ, ಅದು ಈಗಲೂ ಚುಚ್ಚುತ್ತೆ.

ಅಜ್ಜಿ ಪರವಾಗಿ, ಸೋಮವಾರ ರಾತ್ರಿ

ಮೇಲಿನದನ್ನ ನಮ್ಮಜ್ಜಿಗೆ ಓದಿ ಹೇಳಿದೆ. ಅಜ್ಜಿ ಎರಡು ಸಲ ಓದಿಸಿದ್ರು. ಅವರು ಹೇಳಿದ್ದನ್ನ ಹಾಗೇ ಬರೀತಿದೀನಿ.

"ಮಗಾ, ನಿನ್ನ ಚಿಕ್ಕಮ್ಮನ ಕೈ ಯಾಕೆ ನಿಂತಿತು ಅಂತ ನಂಗೆ ಗೊತ್ತು. ನಾನೂ ಭಾವನೋರಿಗೆ ಒಂದು ಮಗು ಕೊಟ್ಟೋಳು. ನನ್ನ ಕೇಳಿದ್ರು, ಇಲ್ಲ ಅಂತ ಅಲ್ಲ. ಮಾವ ಜಗಲಿ ಮೇಲೆ ಕೂತು ಕೇಳಿದ್ರು, ನಾನು ಬಾಗಿಲ ಹಿಂದೆ ಇದ್ದೆ. ಹೂಂ ಅಂದೆ. ಹೂಂ ಅನ್ನದೆ ಎಂತ ಮಾಡದು ಆ ಕಾಲದಲ್ಲಿ? ನನ್ನ ಮಡಿಲಿಂದ ಅಕ್ಕನ ಮಡಿಲಿಗೆ ಹಾಕಿಸಿದ್ರು. ಆಮೇಲೆ ಎಲ್ರೂ ಹೋಳಿಗೆ ಊಟ ಮಾಡಿದ್ರು. ಮುಟ್ಟಿದ್ರೆ ಅಕ್ಕನಿಗೆ ಸಂಕಟ, ಮುಟ್ಟದಿದ್ರೆ ಮಗೂಗೆ ಸಂಕಟ. ಅದು ಬಿದ್ದು ಮಂಡಿ ಒಡ್ಕೊಂಡು ಅತ್ರೆ ನಾನು ಬಾವಿಕಟ್ಟೆ ಹತ್ರ ಹೋಗಿ ನೀರು ಸೇದ್ತಿದ್ದೆ. ಬೇಡದಿದ್ರೂ ಸೇದ್ತಿದ್ದೆ. ನಿನ್ನ ಚಿಕ್ಕಮ್ಮ ಇದ್ರೆ ಹೋಗಿ ತಲೆ ಕೊಡು. ಎಣ್ಣೆ ಹಚ್ತಾಳೆ."

ಎರಡು ಮನೆ ಮಗ, ಸೋಮವಾರ ರಾತ್ರಿ

ಇದ್ದಾರೆ ಅಜ್ಜಿ. ಎಪ್ಪತ್ತೆರಡು ಅವರಿಗೆ.

ಹಳೇ ಸಮಾಲೋಚಕಿ (ಶಿವಮೊಗ್ಗ), ಮಂಗಳವಾರ ಬೆಳಗ್ಗೆ

ದತ್ತು ಕುಟುಂಬಗಳ ಜೊತೆ ಬಹಳ ವರ್ಷ ಕೆಲಸ ಮಾಡಿದವಳು ನಾನು. ಇಲ್ಲಿ ಎರಡು ಬೇರೆ ಬೇರೆ ದತ್ತು ಒಂದೇ ಮಾತಿನಲ್ಲಿ ಬರುತ್ತಿವೆ, ಮೊದಲು ಅದನ್ನು ಬಿಡಿಸಿಡುತ್ತೇನೆ. ಎರಡು ಮನೆ ಮಗ ಅವರದ್ದು 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ಮನೆಯೊಳಗೇ ಕೊಟ್ಟು ತೆಗೆದುಕೊಳ್ಳುವುದು. ಅದಕ್ಕೆ ಹೋಮ ಕಡ್ಡಾಯವಲ್ಲ, ಮಗುವನ್ನು ಕೈಯಾರೆ ಕೊಟ್ಟು ಕೈಯಾರೆ ತೆಗೆದುಕೊಳ್ಳಬೇಕು. ಒಮ್ಮೆ ಕ್ರಮವಾಗಿ ಆದ ಮೇಲೆ ರದ್ದು ಮಾಡಲು ಬರುವುದಿಲ್ಲ. ಅಜ್ಜಿ ಮಡಿಲಿಂದ ಮಡಿಲಿಗೆ ಅಂದದ್ದು ಇದನ್ನೇ.

ಬುಟ್ಟಿ ಚಿತ್ತಾರ ಅವರದ್ದು 2015ರ ಬಾಲನ್ಯಾಯ ಕಾಯ್ದೆಯ ದಾರಿ. ಕೇಂದ್ರ ದತ್ತು ಪ್ರಾಧಿಕಾರ ಕಾರಾದ ಜಾಲತಾಣದಲ್ಲಿ ನೋಂದಣಿ, ಮನೆಗೆ ಬಂದು ವಿಚಾರಿಸುವ ಮನೆ ಅಧ್ಯಯನ, ಸರದಿ. ಸರದಿ ಬಂದಾಗ ಮಗುವಿನ ಫೋಟೋ, ವೈದ್ಯಕೀಯ ವರದಿ ಬರುತ್ತದೆ. ಕಾಯ್ದಿರಿಸಲು 48 ಗಂಟೆ ಮಾತ್ರ. ವರ್ಷಗಟ್ಟಲೆ ಕಾದವರು ಆ 48 ಗಂಟೆಯಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ. ದತ್ತು ಆದೇಶವನ್ನು ಮೊದಲು ನ್ಯಾಯಾಲಯ ಕೊಡುತ್ತಿತ್ತು, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಆ ಭೇಟಿಗಳಲ್ಲಿ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, "ಮಗುವಿಗೆ ಹೇಳಲು ಶುರು ಮಾಡಿದಿರಾ?" ಬಹಳ ಮನೆಗಳಲ್ಲಿ ಉತ್ತರವಾಗಿ ಕಾಫಿ ಬರುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಸುಳ್ಳು ಹೇಳಿದವರೇ ಅದನ್ನು ವಾಪಸ್ ತೆಗೆದುಕೊಂಡರೆ ಮಗುವಿಗೆ ಹಗುರ. ನೀವು ಹೇಳಿದರೆ ಅಜ್ಜಿ ಸುಳ್ಳುಗಾರ್ತಿ ಆಗುತ್ತಾರೆ. ಹಾಗಾಗಿ ಮೊದಲು ಅತ್ತೆ ಹತ್ತಿರ ಮಾತಾಡಿ. ಮಗಳಿಗೆ ಈ ವಯಸ್ಸಿಗೆ ಮೂರು ವಾಕ್ಯ ಸಾಕು: ನೀನು ಬೇರೆ ಅಮ್ಮನ ಹೊಟ್ಟೆಯಿಂದ ಹುಟ್ಟಿದೆ, ಅವರಿಗೆ ನಿನ್ನನ್ನು ಬೆಳೆಸಲು ಆಗಲಿಲ್ಲ, ನಾವು ನಿನಗೆ ಅಪ್ಪ ಅಮ್ಮ ಆದೆವು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಹೆತ್ತ ತಾಯಿ ಬಡವಿ ಇದ್ದಳು, ಸತ್ತುಹೋದಳು ಅಂತೆಲ್ಲ ಅನುಕೂಲದ ಕತೆ ಕಟ್ಟಬೇಡಿ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕುವ ಹಕ್ಕು ಅವಳಿಗಿದೆ. ಹೆತ್ತವರು ಗುರುತು ಹೇಳಬೇಡಿ ಅಂತ ಕೇಳಿಕೊಂಡಿದ್ದರೆ ಅವರ ಒಪ್ಪಿಗೆ ಬೇಕು, ಆದರೂ ಅರ್ಜಿ ಹಾಕಬಹುದು. ನೀವು ಕಟ್ಟಿದ ಕತೆ ಆವತ್ತು ಕಡತದ ಮುಂದೆ ನಿಲ್ಲಬೇಕಾಗುತ್ತದೆ.

ಕಾಯ್ತಾ ಇದೀವಿ (ಭದ್ರಾವತಿ), ಮಂಗಳವಾರ ಮಧ್ಯಾಹ್ನ

ಮೇಡಂ, ನಾವು ನೋಂದಣಿ ಮಾಡಿಸಿ ಮೂರು ವರ್ಷ ಆಯ್ತು. ದಿನಾ ಬೆಳಗ್ಗೆ ಎದ್ದು ನಮ್ಮ ಸರದಿ ನಂಬರ್ ನೋಡೋದೇ ಆಗಿದೆ. ನನ್ನ ಹೆಂಡತಿ ಒಂದು ಸಣ್ಣ ಪೆಟ್ಟಿಗೇಲಿ ಕುಲಾವಿ, ಬಟ್ಟೆ ಎತ್ತಿಟ್ಟಿದಾಳೆ, ಪ್ರತಿ ಮಳೆಗಾಲ ಮುಗಿದ ಮೇಲೆ ತೆಗೆದು ಬಿಸಿಲಿಗೆ ಹಾಕ್ತಾಳೆ. ಪರಿಚಯದವರೊಬ್ರು ಒಂದು ನರ್ಸಿಂಗ್ ಹೋಮ್‌ನಲ್ಲಿ ಮಗು ಇದೆ, ನಿಮ್ಮ ಹೆಸರಲ್ಲೇ ಜನನ ಪತ್ರ ಮಾಡಿಸಿ ಕೊಡ್ತಾರೆ, ಖರ್ಚು ಮಾತ್ರ ಕೊಡಿ ಅಂತಿದಾರೆ. ನಿಜ ಹೇಳ್ತೀನಿ, ಮನಸ್ಸು ಆ ಕಡೆ ಎಳೀತಿದೆ.

ಹಳೇ ಸಮಾಲೋಚಕಿ, ಮಂಗಳವಾರ ಮಧ್ಯಾಹ್ನ

ಬೇಡ ತಮ್ಮಾ. ಕಾನೂನಿನ ದಾರಿ ಬಿಟ್ಟು ಮಗು ತೆಗೆದುಕೊಂಡರೂ ಕೊಟ್ಟರೂ ಮೂರು ವರ್ಷದವರೆಗೆ ಶಿಕ್ಷೆ ಇದೆ, ಮಾರಾಟ ಅಂತಾದರೆ ಐದು ವರ್ಷದವರೆಗೆ. ಶಿಕ್ಷೆ ಒಂದು ಕಡೆ ಇರಲಿ. ಆ ತಾಯಿಯನ್ನು ಯಾರೂ ಕೂರಿಸಿ ಕೇಳಿರುವುದಿಲ್ಲ. ಮನಸ್ಸು ಬದಲಾಯಿಸಲು ಅವಳಿಗೆ ಕಾನೂನು ಕೊಟ್ಟ 60 ದಿನ ಸಿಕ್ಕಿರುವುದಿಲ್ಲ. ಸುಳ್ಳು ಜನನ ಪತ್ರ ಇದ್ದರೆ ಆ ಮಗು ನಾಳೆ ತನ್ನ ಮೂಲ ಹುಡುಕಿದರೆ ಅಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಅಂಥ ಮಗುವಿನ ಸುದ್ದಿ ಗೊತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ಪೆಟ್ಟಿಗೆಯ ಬಟ್ಟೆ ಈ ಸಲವೂ ಬಿಸಿಲಿಗೆ ಹಾಕಿ.

ಸರ್ಕಾರಿ ಶಾಲೆ ಮೇಷ್ಟ್ರು (ಸೊರಬ), ಮಂಗಳವಾರ ಸಂಜೆ

ನನ್ನ ಕಡೆಯಿಂದ ಒಂದು ಸಣ್ಣ ವಿಷಯ. ಮೂರನೇ ತರಗತಿಗೆ 'ನಾನು ಹುಟ್ಟಿದ ದಿನ' ಅಂತ ಬರೆಸುತ್ತಿದ್ದೆ, ತೊಟ್ಟಿಲ ಫೋಟೋ ತರಲು ಹೇಳುತ್ತಿದ್ದೆ. ಒಂದು ಮಗು ಮೂರು ದಿನ ಶಾಲೆಗೆ ಬರಲಿಲ್ಲ. ಆಮೇಲೆ ತಿಳಿಯಿತು. ಈಗ 'ನನಗೆ ನೆನಪಿರುವ ಮೊದಲ ಮಳೆ' ಅಂತ ಬರೆಸುತ್ತೇನೆ. ಎಲ್ಲರ ಹತ್ತಿರವೂ ಒಂದು ಮಳೆ ಇದೆ.

ಹೆಸರು ಬೇಡ, ಮಂಗಳವಾರ ನಡುರಾತ್ರಿ

ಮೂರು ದಿನದಿಂದ ಓದ್ತಿದೀನಿ. ಬರೀಲೋ ಬೇಡವೋ ಅಂತ ಇತ್ತು. ನಾನು ಆ ಕಡೆಯೋಳು. ಒಪ್ಪಿಸಿದೋಳು.

ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದೆ, ಡಿಗ್ರಿ ಎರಡನೇ ವರ್ಷ. ಏಳನೇ ತಿಂಗಳವರೆಗೂ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ನನ್ನನ್ನ ಬೇರೆ ಜಿಲ್ಲೆಗೆ ದೊಡ್ಡಮ್ಮನ ಮನೆಗೆ ಕಳಿಸಿದ್ರು, ಊರಲ್ಲಿ ಕೆಲಸ ಸಿಕ್ತು ಅಂತ ಹೇಳಿದ್ರು. ಗಂಡು ಮಗು. ನಾಲ್ಕು ದಿನ ನನ್ನ ಪಕ್ಕದಲ್ಲಿತ್ತು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ನಾನೂ ಅಮ್ಮನೂ ಹೋದ್ವಿ. ಅಲ್ಲಿದ್ದೋರು ನನ್ನ ಬೈಯಲಿಲ್ಲ, ಅದನ್ನ ಈಗಲೂ ನೆನೆಸ್ಕೋತೀನಿ. ಅರವತ್ತು ದಿನದೊಳಗೆ ಮನಸ್ಸು ಬದಲಾದ್ರೆ ಬಂದು ಕರ್ಕೊಂಡು ಹೋಗಬಹುದು ಅಂತ ಎರಡು ಸಲ ಹೇಳಿದ್ರು.

ಮನೆಗೆ ಬಂದ ಮೇಲೆ ಹಾಲು ಕಟ್ಟಿಕೊಂಡು ಜ್ವರ ಬಂತು. ದೊಡ್ಡಮ್ಮ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದು ಕಟ್ಟಿದ್ರು, ಹಾಲು ಇಂಗತ್ತೆ ಅಂತ. ನಾನು ಅದಾದ ಮೇಲೆ ಇವತ್ತಿನವರೆಗೆ ಮಲ್ಲಿಗೆ ಮುಡಿದಿಲ್ಲ. ನನ್ನ ಮದುವೇಲಿ ಕನಕಾಂಬರ ಸಾಕು ಅಂದೆ, ಎಲ್ರೂ ನಂಗೆ ಅದು ಇಷ್ಟ ಅಂದುಕೊಂಡ್ರು.

ಐವತ್ತೆಂಟನೇ ದಿನ ಯಾರಿಗೂ ಹೇಳದೆ ಶಿವಮೊಗ್ಗ ಬಸ್ ಹತ್ತಿದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತೆ. ಮಗೂನ ಎತ್ಕೊಂಡು ಎಲ್ಲಿಗೆ ಹೋಗ್ಲಿ? ಅಮ್ಮನ ಮನೆಗಾ, ಹಾಸ್ಟೆಲ್ಲಿಗಾ? ವಾಪಸ್ ಬಸ್ಸಿನ ಟಿಕೆಟ್ ತಗೊಂಡೆ. ಆ ಎರಡು ಟಿಕೆಟ್ ಈಗ್ಲೂ ನನ್ನ ಹತ್ರ ಇವೆ. ಅಕ್ಷರ ಅಳಿಸಿಹೋಗಿದೆ.

ಈಗ ನನಗೊಬ್ಬಳು ಮಗಳಿದಾಳೆ. ಅವಳ ಹೆರಿಗೆ ಸಮಯದಲ್ಲಿ "ಮೊದಲನೇದಾ?" ಅಂತ ಕೇಳಿದ್ರು. ಗಂಡ ಪಕ್ಕದಲ್ಲಿದ್ರು. ಹೌದು ಅಂದೆ. ಹಾಗಂದಾಗ, ನನ್ನ ಮಗನನ್ನ ಎರಡನೇ ಸಲ ಒಪ್ಪಿಸಿಬಿಟ್ಟೆ ಅನ್ನಿಸ್ತು.

ನಿಮ್ಮಂಥೋರ ಹತ್ರ ಒಂದೇ ಕೇಳ್ಕೊಳ್ಳದು. ಮಕ್ಕಳಿಗೆ ಹೇಳುವಾಗ 'ಬಿಟ್ಟು ಹೋದ್ಲು' ಅನ್ನಬೇಡಿ. ನಾನು ಬಿಟ್ಟು ಹೋಗಲಿಲ್ಲ. ಕೈಯಿಂದ ಕೈಗೆ ಕೊಟ್ಟೆ. ಕೊಟ್ಟ ಮೇಲೆ ಶಾಲು ಸರಿಯಾಗಿ ಹೊದ್ದಿಸಿದಾರಾ ಅಂತ ತಿರುಗಿ ನೋಡಿದೆ.

ಹಿನ್ನೀರಿನ ಕಡೆಯೋಳು, ಬುಧವಾರ ಬೆಳಗ್ಗೆ

ತಂಗೀ, ನಿನ್ನ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಗುಟ್ಟು ಇಟ್ಟರೆ ಒಳ್ಳೇದು ಅಂತ ಮೇಲೆ ನಾನೇ ಬರೆದಿದ್ದೆ. ಅದು ಯಾರ್ಯಾರ ಎದೆ ಮೇಲೆ ಕೂತಿರತ್ತೆ ಅಂತ ಯೋಚನೆ ಮಾಡಿರ್ಲಿಲ್ಲ. ಇವತ್ತು ಅಕ್ಕನ ಮಗಳಿಗೆ ಫೋನ್ ಮಾಡ್ತೀನಿ.

ಬುಟ್ಟಿ ಚಿತ್ತಾರ, ಹುಣ್ಣಿಮೆ ಮಾರನೇ ದಿನ

ಬರೆದ ಎಲ್ರಿಗೂ ನಮಸ್ಕಾರ. ಎಷ್ಟೋ ಸಲ ಅಳು ಬಂತು, ಒಲೆ ಮುಂದೆ ಕೂತಿದ್ದರಿಂದ ಹೊಗೆ ಅಂದೆ.

ಅತ್ತೆ ಹತ್ರ ಬುಧವಾರ ಮಾತಾಡಿದೆ. ಅವರು ಅಂದಿದ್ದು: "ನೀನು ಹೀರೆಕಾಯಿ ಹೆಚ್ಚದು ನೋಡಿದೆ. ಕೈ ಕೊಯ್ಕೊಳ್ತೀಯ ಅನ್ಸ್ತು. ಮದುವೆಯಾಗಿ ಬಂದ ಮೇಲೆ ಹತ್ತು ಹುಣ್ಣಿಮೆ ಈ ಬುಟ್ಟಿ ಹೊರೋವಾಗೆಲ್ಲ ಊರೋರು ನಿನ್ನ ಹೊಟ್ಟೆ ನೋಡ್ತಿದ್ರು. ಅದೆಲ್ಲ ನೆನಪಾಗಿ ಬಾಯಿಗೆ ಬಂದಿದ್ದು ಹೇಳ್ದೆ." ಅವರು ಅದನ್ನೆಲ್ಲ ಗಮನಿಸಿದ್ರು ಅಂತಲೇ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದಲ್ಲಿ ಒಂದು ದಿನವೂ ಆ ಮಾತು ತೆಗೆದೋರಲ್ಲ.

ಹುಣ್ಣಿಮೆ ದಿನ ಇನ್ನೂ ಕತ್ತಲಿರೋವಾಗ್ಲೇ ಹೊರಟ್ವಿ. ಯಜಮಾನರ ತಲೆ ಮೇಲೆ ಬುಟ್ಟಿ, ಮಗಳ ಕೈಲಿ ಟಾರ್ಚ್. ಗದ್ದೆ ಅಂಚಿನಲ್ಲಿ ಪೂಜೆ ಮಾಡಿ ಕಡುಬು ಹೂತಿಟ್ಟ ಮೇಲೆ ಅತ್ತೆ ಮಗಳನ್ನ ಮಡಿಲಲ್ಲಿ ಕೂರಿಸ್ಕೊಂಡ್ರು. "ಪುಟ್ಟಿ, ಅವತ್ತು ನಾನು ತಪ್ಪು ಹೇಳ್ದೆ. ನೀನು ಇನ್ನೊಂದು ಅಮ್ಮನ ಹೊಟ್ಟೇಲಿ ಬೆಳೆದೋಳು. ಆ ಅಮ್ಮಂಗೆ ನಿನ್ನ ಸಾಕಕ್ಕೆ ಆಗ್ಲಿಲ್ಲ, ನೀನು ನಮ್ಮನೆಗೆ ಬಂದೆ. ಮಳೇಲಿ ಬಂದೆ. ನಾನೇ ಸೆರಗು ಹೊದ್ಸಿ ಒಳಗೆ ಕರ್ಕೊಂಡೆ." ನಾನು ಅವಳ ಪಾದ ಹಿಡ್ಕೊಂಡು ಕೂತಿದ್ದೆ, ಇಬ್ಬನಿಗೆ ತಣ್ಣಗಾಗಿತ್ತು.

ಅವಳು ಅಳಲಿಲ್ಲ. "ಮಾವಿನ ಮಿಡಿ ಸುಳ್ಳಾ?" ಅಂದ್ಲು. ಸುಳ್ಳು ಅಂದೆ. ಮುಖ ಸಣ್ಣ ಮಾಡ್ಕೊಂಡ್ಲು, ಮಿಡಿ ಹೋಗಿದ್ದೇ ಅವಳಿಗೆ ಜಾಸ್ತಿ ಬೇಜಾರು ಆದ ಹಾಗಿತ್ತು. ಆಮೇಲೆ, "ಆ ಅಮ್ಮಂಗೆ ಎಂತ ತಿನ್ಬೇಕು ಅನ್ಸಿತ್ತು?"

"ಗೊತ್ತಿಲ್ಲ ಪುಟ್ಟಿ. ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಚರಗದ ಪಾತ್ರೆ ನೋಡಿದ್ಲು. ಅದರಲ್ಲಿ ಸಿಕ್ಕ ಸಿಕ್ಕ ಕುಡಿ, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಬೇಯಿಸಿರ್ತೀವಲ್ಲ. "ಹಂಗಾರೆ ಇದ್ರಲ್ಲಿ ಒಂದು ಮುಷ್ಟಿ ಅವ್ಳಿಗೂ ಬೀರಣ. ಎಲ್ಲ ಇದೆ, ಅದೂ ಇರತ್ತೆ" ಅಂದ್ಲು. ಬೀರಿದ್ಲು. ಮನೆಗೆ ಬಂದು ಮಲಗಿದ್ಲು. ಎದ್ದ ಮೇಲೆ ಮತ್ತೆ ಕೇಳಿದ್ಲು, ಸಂಜೆ ಇನ್ನೊಂದು ಸಲ ಕೇಳಿದ್ಲು, ಅದೇ ಪ್ರಶ್ನೆ. ಮೂರು ಸಲವೂ ಗೊತ್ತಿಲ್ಲ ಅಂದೆ.

ಹೆಸರು ಬೇಡ, ಅದೇ ರಾತ್ರಿ

ಅಕ್ಕಾ, ನಿಮ್ಮ ಮಗಳ ಅಮ್ಮಂದು ನಂಗೆ ಗೊತ್ತಿಲ್ಲ. ನನ್ನದು ಹೇಳ್ತೀನಿ, ಯಾರೂ ಇದುವರೆಗೆ ಕೇಳಿಲ್ಲ.

ಹಸಿ ಅಕ್ಕಿ. ಹಾಸ್ಟೆಲ್ ಅಡುಗೆಮನೆ ಹಿಂದೆ ಮೂಟೆ ಇರ್ತಿತ್ತು. ಸಂಜೆ ಯಾರೂ ಇಲ್ಲದಾಗ ಹೋಗಿ ಒಂದು ಮುಷ್ಟಿ ವೇಲ್ ತುದೀಲಿ ಕಟ್ಕೊಂಡು ಬರ್ತಿದ್ದೆ. ರಾತ್ರಿ ದೀಪ ಆರಿಸಿದ ಮೇಲೆ ಸದ್ದಾಗದ ಹಾಗೆ ಒಂದೊಂದೇ ಕಾಳು ಕಡೀತಿದ್ದೆ.